ಕಾಲೇಜಿಗೆ ಮುನ್ನ ಒಂದಿಷ್ಟು ಕಸೂತಿ, ಒಂದಿಷ್ಟು ದೋಸೆ

ಪಿಯುಸಿ ಪರೀಕ್ಷೆ ಮುಗಿಯಿತು, ಸಿಇಟಿ ಆಯಿತು, ನೀಟ್ ಕೂಡ ಆಯಿತು. ಇನ್ನು ಕಾಲೇಜು ಶುರುವಾಗೋವರೆಗೆ ಮಕ್ಕಳನ್ನು ಏನು ಮಾಡೋದು? ಮೇ ತಿಂಗಳು ಬಂತೆಂದರೆ ಅಮ್ಮಂದಿರ ಬಾಯಲ್ಲಿ ಇದೇ ಮಾತು. ಸ್ಪೋಕನ್ ಇಂಗ್ಲಿಷ್‌ಗೆ ಸೇರಿಸೋಣವಾ, ಕಂಪ್ಯೂಟರ್ ಕ್ಲಾಸಿಗಾ, ಡ್ರೈವಿಂಗ್‌ಗಾ? ಎರಡು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಟ್ಯೂಷನ್‌ಗೆ ಓಡಿದ ಮಕ್ಕಳು ಒಂದು ವಾರ ಹಾಸಿಗೆ ಬಿಟ್ಟು ಏಳದಿದ್ದರೆ ನಮಗೇ ಏನೋ ಕಳೆದುಕೊಂಡ ಹಾಗೆ ಚಡಪಡಿಕೆ.

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಅಕ್ಕನ ಮಗಳು ಬೆಂಗಳೂರಿನ ನಮ್ಮ ಮನೆಗೆ ಬಂದಾಗ ನಾನೂ ಹೀಗೇ ಒಂದು ಟೈಮ್‌ಟೇಬಲ್ ಬರೆದಿಟ್ಟಿದ್ದೆ. "ಸ್ವಲ್ಪ ದಿನ ನಿನ್ನ ಹತ್ರ ಇರ್ಲಿ, ಮನ್ಯಾಗ ಯಾರ ಜೋಡೀನೂ ಮಾತಾಡವಲ್ಲಳು" ಅಂತ ಅಕ್ಕ ಫೋನಿನಲ್ಲಿ ಹೇಳಿದ್ದಳು. ಹುಡುಗಿ ನನ್ನ ಟೈಮ್‌ಟೇಬಲ್ ಮೇಲೆ ಕಣ್ಣಾಡಿಸಿ, "ಮೌಶಿ, ಇದೆಲ್ಲಾ ಬ್ಯಾಡ. ಕೈಲೆ ಏನರೆ ಮಾಡೋದು ಕಲೀತೀನಿ, ಹೊರಗ ಹೋಗಿ ತಿಂತೀನಿ. ಅಷ್ಟ ಸಾಕು" ಅಂದಳು. ನನಗೆ ನಗುವೂ ಬಂತು, ಸ್ವಲ್ಪ ಸಿಟ್ಟೂ ಬಂತು. ಹದಿನೆಂಟರ ಹುಡುಗಿ, ಇದೇನು ಹಟ? ಆದರೂ ಹೂಂ ಅಂದೆ. ಎರಡು ತಿಂಗಳಾದ ಮೇಲೆ ಟೈಮ್‌ಟೇಬಲ್ ಹರಿದು ಹಾಕಿದ್ದೇ ಒಳ್ಳೆಯದಾಯಿತು ಅನ್ನಿಸಿತು. ಯಾಕೆ ಅಂತ ಹೇಳ್ತೀನಿ ಕೇಳಿ.

ದಾರ ಎಣಿಸುವ ಪಾಠ

ನಮ್ಮ ಹಿಂದಿನ ಬೀದಿಯಲ್ಲಿ ಧಾರವಾಡದ ಅಜ್ಜಿಯೊಬ್ಬರಿದ್ದಾರೆ. ವಾರಕ್ಕೆ ಮೂರು ಮಧ್ಯಾಹ್ನ ಕಸೂತಿ ಹೇಳಿಕೊಡುತ್ತಾರೆ. ಹುಬ್ಬಳ್ಳಿಯ ಹುಡುಗಿ ತನ್ನೂರಿನ ಕಸೂತಿ ಕಲಿಯೋಕೆ ಬೆಂಗಳೂರಿಗೆ ಬರಬೇಕಾಯ್ತಾ ಅಂತ ಅಜ್ಜಿ ಮೊದಲ ದಿನವೇ ಗೇಲಿ ಮಾಡಿದರು.

ಕೈ ಮತ್ತು ಸೂತಿ, ಅಂದರೆ ಹತ್ತಿಯ ನೂಲು, ಸೇರಿ ಕಸೂತಿ ಆಯಿತು ಅಂತ ಹೇಳುವುದುಂಟು. ಇದರಲ್ಲಿ ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ ಮತ್ತು ಮೆಂತ್ಯ. ಗವಂತಿಯಲ್ಲಿ ಸೂಜಿ ಒಂದು ಸಾಲು ಮುಂದೆ ಹೋಗುತ್ತದೆ, ವಾಪಸ್ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುರ್ಗಿ ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುತ್ತದೆ. ಇವೆರಡರಲ್ಲೂ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ನೇಯ್ಗಿ ನೇಯ್ದ ಹಾಗೇ ಕಾಣುತ್ತದೆ. ಮೆಂತ್ಯ ಅಂದರೆ ನಾವು ಕ್ರಾಸ್ ಸ್ಟಿಚ್ ಅನ್ನುತ್ತೇವಲ್ಲ, ಅದು. ಗೋಪುರ, ರಥ, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ಈ ನಾಲ್ಕರಲ್ಲೇ ಮೂಡಬೇಕು. ಪೆನ್ಸಿಲ್ಲಿನಿಂದ ಡಿಸೈನ್ ಬರೆದುಕೊಳ್ಳುವ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಗಂಟೂ ಹಾಕುವ ಹಾಗಿಲ್ಲ! ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ.

ಮೊದಲ ವಾರ ಹುಡುಗಿ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಎಲ್ಲೋ ಒಂದು ಎಳೆ ತಪ್ಪಿದರೆ ಹತ್ತು ಸಾಲು ಆದ ಮೇಲೆ ಗೋಪುರ ಸೊಟ್ಟಗಾಗಿ ಗೊತ್ತಾಗುತ್ತಿತ್ತು. "ಇರ್ಲಿ ಬಿಡು, ಯಾರು ನೋಡ್ತಾರೆ" ಅಂತ ನಾನಂದರೆ, "ಹಿಂದಿನ ಬದೀಗೆ ಕಾಣ್ತದ" ಅಂತ ಬಿಚ್ಚುತ್ತಾ ಕೂರುತ್ತಿದ್ದಳು. ಮೊಬೈಲು ಪಕ್ಕದಲ್ಲೇ ಇರುತ್ತಿತ್ತು, ಆದರೆ ಎರಡು ಗಂಟೆ ಅದನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಲೆಕ್ಕ ತಪ್ಪುತ್ತದಲ್ಲ!

ಒಂದು ದಿನ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದಾಗ, ಅತ್ತೆಯ ಟ್ರಂಕಿನಲ್ಲಿ ಕಪ್ಪು ಚಂದ್ರಕಾಳಿ ಸೀರೆ ಇರುವುದು ಅಕ್ಕನಿಗೆ ನೆನಪಾಯಿತು. ಆ ಕಡೆ ಮದುವೆ ಹೆಣ್ಣಿಗೆ ಕಸೂತಿ ಹಾಕಿದ ಚಂದ್ರಕಾಳಿ ಕೊಡುವುದು ಹಳೆಯ ಪದ್ಧತಿ. ವರ್ಷಗಟ್ಟಲೆ ಯಾರೂ ತೆಗೆಯದ ಸೀರೆ ಅಂದು ಹೊರಗೆ ಬಂತು. ತಿಂಗಳಾದ ಮೇಲೆ ಅಮ್ಮ ಮಗಳು ಹತ್ತು ನಿಮಿಷ ಮಾತಾಡಿದ್ದು ಆವತ್ತೇ.

ನೀನೇ ಆರ್ಡರ್ ಮಾಡು

ಇನ್ನು ಹೋಟೆಲ್ ವಿಷಯ. ನಾನೊಂದು ಶರತ್ತು ಹಾಕಿದೆ. ವಾರಕ್ಕೊಂದೇ ಸಲ, ಕೈಗೆ ಮುನ್ನೂರು ರೂಪಾಯಿ. ಜಾಗ ಅವಳೇ ಹುಡುಕಬೇಕು, ಬಸ್ಸು ಮೆಟ್ರೋ ಅವಳೇ ನೋಡಬೇಕು, ಆರ್ಡರ್ ಅವಳೇ ಮಾಡಬೇಕು, ಬಿಲ್ಲೂ ಅವಳೇ ಕೊಡಬೇಕು. ನಾನು ಬರೀ ಜೊತೆಗೆ.

ಮೊದಲು ಹೋಗಿದ್ದು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ. 1943ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ಶುರುವಾದ ಹೋಟೆಲು, ಹಾಗಾಗಿ ಕಾಲೇಜಿಗೆ ಹೊರಟವಳಿಗೆ ಸರಿಯಾದ ಜಾಗ! ಮಾಣಿ ಬಂದು ನಿಂತಾಗ ಹುಡುಗಿ ನನ್ನ ಮುಖ ನೋಡಿದಳು. ನಾನು ಕಿಟಕಿ ಕಡೆ ನೋಡಿದೆ. ಕೊನೆಗೆ ಸಣ್ಣ ದನಿಯಲ್ಲಿ "ಎರಡು ಮಸಾಲೆ ದೋಸೆ" ಅಂದಳು. ಆಮೇಲೆ ಹೇಳಿದಳು, "ಮೌಶಿ, ಇಲ್ಲೀ ತನಕ ನಾ ಎಂದೂ ಆರ್ಡರ್ ಮಾಡೇ ಇಲ್ಲ. ಯಾವಾಗ್ಲೂ ಅಪ್ಪನ ಹೇಳೋದು."

ಹದಿನೆಂಟು ವರ್ಷಕ್ಕೆ ಭೌತಶಾಸ್ತ್ರದ ಲೆಕ್ಕ ಬಿಡಿಸುವ ಮಗು ತನಗೆ ಬೇಕಾದ ತಿಂಡಿ ಕೇಳಿಲ್ಲ. ಯೋಚನೆ ಮಾಡಿ, ನಿಮ್ಮ ಮನೆಯಲ್ಲೂ ಹೀಗೇ ಇರಬಹುದು.

ಮುಂದಿನ ವಾರ ಲಾಲ್‌ಬಾಗ್ ರಸ್ತೆಯ ಎಂಟಿಆರ್. 1924ರ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಅಂತ ಹೇಳುತ್ತಾರೆ. ಆಮೇಲೊಂದು ಸಂಜೆ ವಿ.ವಿ. ಪುರಂನ ತಿಂಡಿ ಬೀದಿ. ನಡುನಡುವೆ ನಿಂತು ತಿನ್ನುವ ದರ್ಶಿನಿಗಳು. ಮೂರನೇ ವಾರದ ಹೊತ್ತಿಗೆ "ಅಣ್ಣಾ, ಚಟ್ನಿ ಬ್ಯಾರೆ ಕೊಡ್ರಿ" ಅನ್ನುವಷ್ಟು ದನಿ ಬಂದಿತ್ತು. ಮುನ್ನೂರು ರೂಪಾಯಿಯಲ್ಲಿ ಉಳಿಸಿ ಕಸೂತಿ ದಾರ ತರುವುದನ್ನೂ ಕಲಿತಳು.

ಕಾಫಿ ಬರುವ ಮೊದಲು

ನಾಲ್ಕನೇ ವಾರ ಮಲ್ಲೇಶ್ವರದ ಒಂದು ಸಣ್ಣ ಹೋಟೆಲಿನಲ್ಲಿ ಕೂತಿದ್ದೆವು. ತಿಂಡಿ ಮುಗಿದಿತ್ತು, ಕಾಫಿ ಬರಬೇಕಿತ್ತು. "ಮೌಶಿ, ನೀಟ್ ಛಲೋ ಆಗಿಲ್ಲ. ರಿಸಲ್ಟ್ ಬಂದ್ರೂ ಸೀಟು ಸಿಗಂಗಿಲ್ಲ. ನನಗದು ಬ್ಯಾಡಾಗೂ ಇತ್ತು. ಅಪ್ಪಗ ಹೇಳಿಲ್ಲ" ಅಂದಳು. ಟೇಬಲ್ಲಿನ ಮೇಲೆ ಬೆರಳಿನಿಂದ ಗೋಪುರ ಬರೆಯುತ್ತಿದ್ದಳು.

ನಿಜ ಹೇಳ್ತೀನಿ, ನನ್ನ ನಾಲಿಗೆ ತುದಿಯಲ್ಲಿ ಒಂದು ಭಾಷಣ ತಯಾರಿತ್ತು. ಅಪ್ಪ ಎಷ್ಟು ಖರ್ಚು ಮಾಡಿದ್ದಾರೆ, ಇನ್ನೊಂದು ವರ್ಷ ಓದಬಾರದಾ... ಅಷ್ಟರಲ್ಲಿ ಮಾಣಿ ಕಾಫಿ ತಂದಿಟ್ಟ. ಪುಣ್ಯಕ್ಕೆ ಬಾಯಿ ಸುಮ್ಮನಾಯಿತು. "ಹಂಗಾದ್ರೆ ನಿನಗೇನು ಬೇಕು?" ಅಂತಷ್ಟೇ ಕೇಳಿದೆ. ಉತ್ತರ ರೆಡಿ ಇತ್ತು. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ ಓದಬೇಕಂತೆ, ಸಸ್ಯಶಾಸ್ತ್ರ.

ಮನೆಯಲ್ಲಿ ಎದುರುಬದುರು ಕೂರಿಸಿ ಕೇಳಿದ್ದರೆ ಈ ಮಾತು ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಭಾವನಿಗೆ ನಾನೇ ಹೇಳ್ತೀನಿ ಅಂದೆ, ಬೇಡ ಅಂದಳು. ಎರಡು ದಿನ ಬಿಟ್ಟು ತಾನೇ ಫೋನ್ ಮಾಡಿದಳು. ಆ ಕಡೆ ಮಾತೇ ಇಲ್ಲ, ಫೋನ್ ಇಟ್ಟುಬಿಟ್ಟರು. ರಾತ್ರಿಯೆಲ್ಲ ಹುಡುಗಿ ಅತ್ತಳು. ಮರುದಿನ ಮಧ್ಯಾಹ್ನ ಕಸೂತಿಗೆ ಹೋದಳು. ಹತ್ತು ದಿನದ ಮೇಲೆ ಭಾವನೇ ಬೆಂಗಳೂರಿಗೆ ಬಂದರು. ಅವಳೇ ಅಪ್ಪನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ, ಅವರನ್ನೂ ಕೇಳಿ ಆರ್ಡರ್ ಮಾಡಿ, ಉಳಿಸಿದ ದುಡ್ಡಿನಲ್ಲಿ ಬಿಲ್ ಕೊಟ್ಟಳು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ನಾನು ಹೋಗಿರಲಿಲ್ಲ. ಭಾವನಿಗೆ ಇವತ್ತಿಗೂ ಪೂರ್ತಿ ಸಮಾಧಾನವಿಲ್ಲ. ಆದರೆ ಹಾಸ್ಟೆಲಿಗೆ ಟ್ರಂಕು ಹೊತ್ತು ಹೋಗಿ ಬಿಟ್ಟು ಬಂದದ್ದು ಅವರೇ.

ನೀವೂ ಮಾಡಿ ನೋಡಿ

* ಕಸೂತಿ ಶುರು ಮಾಡುವವರಿಗೆ ಎಳೆ ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆ ಒಳ್ಳೆಯದು. ಗಂಟು ಹಾಕದೆ ದಾರದ ತುದಿ ಸ್ವಲ್ಪ ಬಿಟ್ಟು ಹೊಲಿಗೆಯೊಳಗೇ ಸೇರಿಸಿ. ಮೊದಲು ಕರವಸ್ತ್ರದ ಅಂಚು ಮುಗಿಯಲಿ, ಸೀರೆ ಆಮೇಲೆ.
* ಕಸೂತಿಯೇ ಆಗಬೇಕಿಲ್ಲ. ಕ್ರೋಶಾ, ಟೆರಾಕೋಟಾ ಓಲೆ, ಬುಟ್ಟಿ ಹೆಣೆಯುವುದು, ಏನಾದರೂ ಸರಿ. ಗಂಡು ಮಕ್ಕಳಿಗೂ ಹೇಳಿಕೊಡಿ, ಹಾಸ್ಟೆಲಿನಲ್ಲಿ ಕಿತ್ತ ಗುಂಡಿ ಅವರೇ ಹಾಕಿಕೊಳ್ಳಬೇಕಲ್ಲ?
* ಒಂದೇ ಕಲೆ ಸಾಕು. ಐದು ಕ್ಲಾಸಿಗೆ ಸೇರಿಸಿದರೆ ಅದೂ ಟ್ಯೂಷನ್ನೇ ಆಗುತ್ತದೆ.
* ಹೋಟೆಲ್ ಖರ್ಚಿಗೆ ಇಂತಿಷ್ಟೇ ಅಂತ ಮೊದಲೇ ಕೊಡಿ. ಉಳಿದದ್ದು ಅವರದ್ದು, ಮೀರಿದರೆ ಮುಂದಿನ ವಾರದ್ದರಲ್ಲಿ ಕಡಿತ.
* ಬಿಲ್ ಓದುವುದನ್ನು ಕಲಿಸಿ. ಸಾಮಾನ್ಯ ಹೋಟೆಲುಗಳಲ್ಲಿ ಜಿಎಸ್‌ಟಿ ಶೇ. 5. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಿರಿ ಅಂತ ಕೇಳಲು ಸಂಕೋಚ ಬೇಡ.
* ಬಯಲು ತಿಂಡಿ ತಿನ್ನುವಾಗ ಬಿಸಿಬಿಸಿ ಇರುವುದನ್ನೇ ಆರಿಸಿ, ಕುಡಿಯುವ ನೀರು ಮನೆಯಿಂದ ಒಯ್ಯಿರಿ.
* ಎಲ್ಲಕ್ಕಿಂತ ಮುಖ್ಯ, ಹೋಟೆಲಿನಲ್ಲಿ ಮಾರ್ಕ್ಸ್ ವಿಷಯ ನೀವಾಗಿ ಎತ್ತಬೇಡಿ. ಅವರೇ ಎತ್ತಿದರೆ, ಕಾಫಿ ಬರೋವರೆಗಾದರೂ ಸುಮ್ಮನೆ ಕೇಳಿ.

ಮೊನ್ನೆ ಮೈಸೂರಿನಿಂದ ಒಂದು ಪಾರ್ಸೆಲ್ ಬಂತು. ಬಿಳಿ ಮ್ಯಾಟಿ ಬಟ್ಟೆಯ ಮೇಲೆ ಕೆಂಪು ದಾರದ ತುಳಸಿಕಟ್ಟೆ. ತಿರುಗಿಸಿ ನೋಡಿದೆ. ಒಂದು ಕಡೆ ಎಳೆ ತಪ್ಪಿತ್ತು. ಫೋನ್ ಮಾಡಿ ಹೇಳಿದರೆ, "ಗೊತ್ತದ ಮೌಶಿ, ಲ್ಯಾಬ್ ರೆಕಾರ್ಡ್ ಬರೆಯೋದಿತ್ತು, ಬಿಚ್ಚಲಿಕ್ಕೆ ಟೈಮ್ ಸಿಗಲಿಲ್ಲ" ಅಂತ ನಕ್ಕಳು. ಈ ಬೇಸಿಗೆಗೆ ಬರ್ತಾಳಂತೆ. ಯಾವ ಹೋಟೆಲಿಗೆ ಹೋಗಬೇಕು ಅಂತ ಪಟ್ಟಿ ಈಗಲೇ ಕಳಿಸಿದ್ದಾಳೆ.