ಕಣ್ಣಿನ ಉರಿಯೂತಕ್ಕೆ ಎದೆಯ ಗಂಟಿನ ಬಯಾಪ್ಸಿ ಏಕೆ?

ಕಣ್ಣು ಕೆಂಪಾಗಿದೆ ಎಂದು ಹೋದವರಿಗೆ ವೈದ್ಯರು ಎದೆಯ ಸ್ಕ್ಯಾನ್, ಬಯಾಪ್ಸಿ ಬರೆದುಕೊಟ್ಟರೆ ಇದು ದುಡ್ಡು ಕೀಳುವ ದಾರಿ ಎಂದು ಹಲವರಿಗೆ ಅನಿಸುತ್ತದೆ. ಗಂಟಿಗೆ ಸೂಜಿ ತಾಗಿದರೆ ಕಾಯಿಲೆ ಮೈಯೆಲ್ಲ ಹರಡುತ್ತದೆ ಎಂಬ ಭಯವೂ ಇದೆ. ನಿಜವೇನು, ನೋಡೋಣ.

ಎಲ್ಲ ಕೆಂಗಣ್ಣೂ ಮದ್ರಾಸ್ ಐ ಅಲ್ಲ

ಮದ್ರಾಸ್ ಐ ಕಣ್ಣಿನ ಮೇಲ್ಪದರದ ಸೋಂಕು. ಯುವೈಟಿಸ್ ಎಂಬುದು ಕಣ್ಣಿನ ಒಳಗಿನ ಉರಿಯೂತ. ನೋವು, ಬೆಳಕು ನೋಡಲಾಗದಿರುವುದು, ಮಸುಕು, ತೇಲುವ ಕಪ್ಪು ಚುಕ್ಕಿಗಳು ಇದರ ಲಕ್ಷಣ. ನಿರ್ಲಕ್ಷಿಸಿದರೆ ದೃಷ್ಟಿಯೇ ಹೋಗಬಹುದು. ಕೆಲವರಲ್ಲಿ ಇದರ ಮೂಲ ಕ್ಷಯ ಅಥವಾ ಸಾರ್ಕಾಯ್ಡೋಸಿಸ್.

ಗಂಟು ಹೇಳುವ ಗುಟ್ಟು

ಈ ಎರಡೂ ಕಾಯಿಲೆಗಳು ಕಣ್ಣಿನಲ್ಲಿ ಬಹುತೇಕ ಒಂದೇ ಥರ ಕಾಣಬಹುದು. ಕಣ್ಣೊಳಗಿನಿಂದ ತೆಗೆಯಬಹುದಾದ ದ್ರವ ತೀರಾ ಕಡಿಮೆ, ಅದರಲ್ಲಿ ರೋಗಾಣು ಸಿಗುವುದೂ ಕಷ್ಟ. ಆದರೆ ಎರಡರಲ್ಲೂ ಎದೆಯ ದುಗ್ಧಗ್ರಂಥಿಗಳು ಊದಿಕೊಂಡಿರಬಹುದು. ಸಿಟಿ ಸ್ಕ್ಯಾನ್‌ನಲ್ಲಿ ಅವು ಕಂಡರೆ, ಅಲ್ಟ್ರಾಸೌಂಡ್ ಇರುವ ತೆಳು ಕೊಳವೆಯನ್ನು ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸಿ, ಸೂಜಿಯಿಂದ ಮಾದರಿ ತೆಗೆಯುತ್ತಾರೆ.

ಕ್ಷಯವಾದರೆ ಮಾದರಿಯಲ್ಲಿ ಸಾಮಾನ್ಯವಾಗಿ ಸತ್ತು ಗಿಣ್ಣಿನಂತಾದ ಭಾಗ ಕಾಣುತ್ತದೆ. ಸಾರ್ಕಾಯ್ಡೋಸಿಸ್‌ನಲ್ಲಿ ಹಾಗೆ ಕಾಣುವುದು ಅಪರೂಪ. ಅದೇ ಮಾದರಿಯಲ್ಲಿ ಜೀನ್‌ಎಕ್ಸ್‌ಪರ್ಟ್ ಯಂತ್ರವು ಕ್ಷಯದ ರೋಗಾಣುವನ್ನು ಸುಮಾರು 2 ಗಂಟೆಯಲ್ಲಿ ಹುಡುಕುತ್ತದೆ. ಕಲ್ಚರ್ ವರದಿಗೆ 6ರಿಂದ 8 ವಾರ ಬೇಕಾಗಬಹುದು.

ಊಹೆಯ ಮೇಲೆ ಔಷಧಿ ಕೊಟ್ಟರೆ?

ಸಾರ್ಕಾಯ್ಡೋಸಿಸ್‌ಗೆ ಮುಖ್ಯ ಔಷಧಿ ಸ್ಟೆರಾಯ್ಡ್. ಕ್ಷಯಕ್ಕೆ ಕನಿಷ್ಠ 6 ತಿಂಗಳು ಮಾತ್ರೆ. ಕ್ಷಯ ಇರುವವರಿಗೆ ಬರೀ ಸ್ಟೆರಾಯ್ಡ್ ಕೊಟ್ಟರೆ ಕಣ್ಣು ಮೊದಲು ತಿಳಿಯಾದಂತೆ ಕಂಡು, ಒಳಗೆ ರೋಗ ಬಲಿಯಬಹುದು. ಕ್ಷಯವೇ ಇಲ್ಲದವರು ಆ ಮಾತ್ರೆ ನುಂಗಿದರೆ ಲಿವರ್‌ಗೆ ಪೆಟ್ಟು ಬೀಳಬಹುದು. ಅದರಲ್ಲಿರುವ ಎಥಾಂಬ್ಯುಟಾಲ್ ಕೆಲವೊಮ್ಮೆ ಕಣ್ಣಿನ ನರಕ್ಕೇ ತೊಂದರೆ ಕೊಡುತ್ತದೆ.

ಹಾಗಾದರೆ ಮಾಂಟೂ ಪರೀಕ್ಷೆ ಸಾಲದೇ? ಸಾಲದು. ರೋಗ ಬಾರದೆ, ಮೈಯಲ್ಲಿ ರೋಗಾಣು ಸುಮ್ಮನೆ ಅಡಗಿರುವ ಎಷ್ಟೋ ಭಾರತೀಯರಲ್ಲಿ ಅದು ಪಾಸಿಟಿವ್ ಬರುತ್ತದೆ.

ಸೂಜಿಯಿಂದ ಕಾಯಿಲೆ ಹರಡುತ್ತದೆಯೇ?

ಸೂಜಿ ತಾಗಿದ್ದಕ್ಕೆ ಕ್ಷಯವಾಗಲಿ ಸಾರ್ಕಾಯ್ಡೋಸಿಸ್ ಆಗಲಿ ಮೈತುಂಬ ಹರಡುವುದಿಲ್ಲ. ಸ್ವಲ್ಪ ಗಂಟಲು ನೋವು, ಕೆಮ್ಮು ಬರಬಹುದು. ರಕ್ತಸ್ರಾವ, ಸೋಂಕು ಅಪರೂಪ.

ಯುವೈಟಿಸ್ ಬಂದ ಎಲ್ಲರಿಗೂ ಬಯಾಪ್ಸಿ ಬೇಕಿಲ್ಲ. "ನನ್ನ ಸ್ಕ್ಯಾನ್‌ನಲ್ಲಿ ಗ್ರಂಥಿ ಊದಿದೆಯೇ? ವರದಿ ಬಂದರೆ ಔಷಧಿ ಬದಲಾಗುತ್ತದೆಯೇ?" ಎಂದು ವೈದ್ಯರನ್ನು ಧೈರ್ಯವಾಗಿ ಕೇಳಿ. ಹೌದು ಎಂದರೆ ಮುಂದೂಡಬೇಡಿ. ಮೆಡಿಕಲ್ ಶಾಪ್‌ನಿಂದ ನೀವೇ ಸ್ಟೆರಾಯ್ಡ್ ಹನಿ ತಂದು ಹಾಕಿಕೊಳ್ಳಲೂ ಬೇಡಿ.