ಎಂಜಲೆಲೆ ಎತ್ತುವ ಕೈಗೆ ಪಾಟಿಚೀಲ: ನಮ್ಮ ಉದ್ಯಮದ ಹೊಣೆ

ಉಡುಪಿ ಹೋಟೆಲುಗಳ ಕಾಲದಿಂದಲೂ ಬಡಿಸುವವನನ್ನು ನಾವು 'ಮಾಣಿ' ಎಂದೇ ಕರೆಯುತ್ತ ಬಂದಿದ್ದೇವೆ. ಕುಂದಾಪುರ, ಉಡುಪಿ ಕಡೆಯ ಮನೆಮಾತಿನಲ್ಲಿ ಮಾಣಿ ಎಂದರೆ ಹುಡುಗ. ಐವತ್ತು ದಾಟಿದ ಸಪ್ಲೈಯರನೂ ನಮಗೆ ಮಾಣಿಯೇ. ಈ ಪದ ಸುಮ್ಮನೆ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ನಮ್ಮ ಅಡುಗೆಮನೆಗಳಲ್ಲಿ ಲೋಟ ತೊಳೆಯುತ್ತಿದ್ದವರು, ಟೇಬಲ್ ಒರೆಸುತ್ತಿದ್ದವರು ನಿಜವಾಗಿಯೂ ಹುಡುಗರೇ ಆಗಿದ್ದರು. ಹೀಗಾಗಿ ಬಾಲಕಾರ್ಮಿಕರ ವಿಷಯ ಬಂದಾಗ 'ಅದು ಬೆಂಕಿಪೊಟ್ಟಣದವರ, ಪಟಾಕಿಯವರ ಸಮಸ್ಯೆ' ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಇದು ನಮ್ಮ ಮನೆಯ ಮಾತು.

ಹಿತ್ತಲ ಬಾಗಿಲಿನ ಒಂದು ಘಟನೆ

ಕೆಲವು ವರ್ಷಗಳ ಹಿಂದೆ ಮುಂಬಯಿಯ ಉಪನಗರವೊಂದರ ಸಭಾಗೃಹದಲ್ಲಿ ನಮ್ಮ ಅಡುಗೆ ನಡೆದಿತ್ತು. ಮೂರನೇ ಪಂಕ್ತಿ ಮುಗಿಯುವ ಹೊತ್ತಿಗೆ ಸುಮಾರು ಒಂಬತ್ತು ವರ್ಷದ ಹುಡುಗನೊಬ್ಬ ಹಿತ್ತಲ ಬಾಗಿಲಲ್ಲಿ ಕೈಚಾಚಿ ನಿಂತ. ಮಾತಾಡಿಸಿದರೆ ಕಲಬುರಗಿ ಕಡೆಯ ಅಚ್ಚ ಕನ್ನಡ. ತಂದೆ ತಾಯಿ ಕಟ್ಟಡ ಕೆಲಸದವರು. ಕನ್ನಡದ ಹುಡುಗ ಎಂದು ನಮಗೂ ಕರುಳು ಚುರುಕ್ ಎಂದಿತು. ಹೊಟ್ಟೆತುಂಬ ಊಟ ಹಾಕಿಸಿದೆವು. ಊಟವಾದ ಮೇಲೆ ನಮ್ಮ ಮೇಸ್ತ್ರಿ, 'ಉಂಡೆಯಲ್ಲ, ನಾಲ್ಕು ಎಲೆ ಎತ್ತಿಬಿಡು' ಎಂದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಮರುದಿನ ಅವನು ತಮ್ಮನನ್ನೂ ಕರೆತಂದ. ಎರಡು ವಾರದಲ್ಲಿ ಇಬ್ಬರಿಗೂ ದಿನಕ್ಕಿಷ್ಟು ಎಂದು ಕೂಲಿ ಗೊತ್ತಾಯಿತು. ಸೀಸನ್ ಮುಗಿದಾಗ ವಿಚಾರಿಸಿದರೆ, ನಗರಪಾಲಿಕೆ ಶಾಲೆಗೆ ಹೋಗುತ್ತಿದ್ದ ದೊಡ್ಡವನು ಶಾಲೆ ಬಿಟ್ಟು ತಿಂಗಳಾಗಿತ್ತು. ಬಿಡಿಸಿದವರು ಬೇರೆ ಯಾರೂ ಅಲ್ಲ, ನಾವೇ.

ನಾವು ಕೊಟ್ಟ ಅನ್ನ ತಪ್ಪಲ್ಲ. ಅದಕ್ಕೆ ಬದಲಾಗಿ ಕೆಲಸ ಕೇಳಿದ್ದು ತಪ್ಪು. ಭಿಕ್ಷೆ ಕೂಲಿಯಾಗುವುದು ಹೀಗೆಯೇ, ಒಂದು ಎಲೆ ಎತ್ತಿಸುವುದರಿಂದ.

ಶಾಲೆ ತಪ್ಪುವುದು ಹೇಗೆ?

'ಬೆಳಗ್ಗೆ ಶಾಲೆಗೆ ಹೋಗಲಿ, ರಾತ್ರಿ ಎರಡು ಗಂಟೆ ಕೆಲಸ ಮಾಡಲಿ, ಏನಾಯಿತು?' ಎಂದು ಕೇಳುವವರಿದ್ದಾರೆ. ನಮ್ಮ ಕೆಲಸದ ವೇಳೆ ನಮಗೇ ಗೊತ್ತು. ಆರತಕ್ಷತೆಯ ಊಟ ಮುಗಿದು ಪಾತ್ರೆ ಕಟ್ಟುವಾಗ ರಾತ್ರಿ ಒಂದು ಗಂಟೆ. ಆ ಮಗು ಮರುದಿನ ತರಗತಿಯಲ್ಲಿ ತೂಕಡಿಸುತ್ತದೆ. ವಾರ ಕಳೆದರೆ ಲೆಕ್ಕ ಹಿಂದೆ ಬೀಳುತ್ತದೆ, ತಿಂಗಳಾದರೆ ಓದು ಹಿಂದೆ ಬೀಳುತ್ತದೆ. ಗುರುಗಳು ಕೇಳಿದ್ದಕ್ಕೆ ಉತ್ತರ ತಿಳಿಯದೆ ನಾಚಿಕೆಯಾಗುತ್ತದೆ. ನಾಚಿಕೆಪಟ್ಟ ಮಗು ಶಾಲೆಯ ದಾರಿ ಬಿಡುತ್ತದೆ. ಜೊತೆಗೆ ನಮ್ಮ ಸೀಸನ್ನೂ ಪರೀಕ್ಷೆಯ ತಿಂಗಳುಗಳೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ.

ಇನ್ನೊಂದು ಕಾರಣ ಮನೆಯೊಳಗಿನದು. ಮಗು ತಂದ ನೂರು ರೂಪಾಯಿ ಮೊದಲ ದಿನ ಸಂತೋಷ, ಎರಡನೇ ವಾರ ಅಭ್ಯಾಸ, ಮೂರನೇ ತಿಂಗಳು ಮನೆಖರ್ಚಿನ ಲೆಕ್ಕ. ಸಿಗ್ನಲ್‌ನಲ್ಲಿ ಕೈಚಾಚುವ ಮಗುವಿನ ಕತೆಯೂ ಇದೇ. ನಾವು ಕಾರಿನ ಗಾಜು ಇಳಿಸಿ ಹಾಕುವ ನಾಣ್ಯ, ಆ ಮಗು ಅಲ್ಲೇ ನಿಂತರೆ ಲಾಭವಿದೆ ಎಂದು ಅದರ ಹಿಂದೆ ಇರುವ ದೊಡ್ಡವರಿಗೆ ಹೇಳುತ್ತದೆ.

2001ರ ಜನಗಣತಿಯ ಪ್ರಕಾರ ದೇಶದಲ್ಲಿ 5ರಿಂದ 14 ವರ್ಷದ ಸುಮಾರು 1.26 ಕೋಟಿ ಮಕ್ಕಳು ದುಡಿಯುತ್ತಿದ್ದರು. 2011ರಲ್ಲಿ ಅದು ಸುಮಾರು 1.01 ಕೋಟಿಗೆ ಇಳಿಯಿತು. ಇಳಿದದ್ದು ಸಮಾಧಾನ, ಉಳಿದದ್ದು ಸಣ್ಣ ಸಂಖ್ಯೆಯಲ್ಲ.

'ನಾವೂ ಹಾಗೆಯೇ ಬಂದವರಲ್ಲವೇ?'

ಹಿರಿಯ ಸದಸ್ಯರು ಹೇಳುವ ಈ ಮಾತನ್ನು ಗೌರವದಿಂದಲೇ ಕೇಳಬೇಕು. ಹುಡುಗನಾಗಿ ಮುಂಬಯಿಗೆ ಬಂದ ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಕಟ್ಟಿದರು. ಅಡುಗೆಮನೆಯ ಸಣ್ಣ ಕೆಲಸದಿಂದ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. ಇವರು ನಮ್ಮ ಹೆಮ್ಮೆ. ಆದರೆ ಮೇಲೆ ಬಂದವರ ಹೆಸರು ನಮಗೆ ನೆನಪಿದೆ. ಅದೇ ಕಾಲದಲ್ಲಿ ಊರು ಬಿಟ್ಟು ಬಂದು, ಅದೇ ತೊಟ್ಟಿಯಲ್ಲಿ ಪಾತ್ರೆ ತೊಳೆದು, ಸಹಿ ಹಾಕಲೂ ಕಲಿಯದೆ ಮುದುಕರಾಗಿ ಊರಿಗೆ ಮರಳಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಹಗಲು ಹೋಟೆಲಿನಲ್ಲಿ ದುಡಿಯುವ ಹುಡುಗರು ಅಕ್ಷರ ಕಲಿಯಲೆಂದು ಮುಂಬಯಿಯಲ್ಲಿ ಮೊಗವೀರ, ಬಿಲ್ಲವ ಮೊದಲಾದ ಸಮಾಜಗಳ ಸಂಘಗಳು ಕನ್ನಡ ರಾತ್ರಿಶಾಲೆಗಳನ್ನು ನಡೆಸಿದವು. ಹೋಟೆಲ್ ಮಾಣಿಯಾಗಿದ್ದವರು ಅಲ್ಲಿ ಓದಿ ಬ್ಯಾಂಕು ಸೇರಿದರು, ವಕೀಲರಾದರು, ಮಾಲೀಕರಾದರು. ಅವರನ್ನು ಮೇಲೆತ್ತಿದ್ದು ಪಾತ್ರೆಯಲ್ಲ, ಪಾತ್ರೆಯ ನಂತರ ಸಿಕ್ಕ ಪುಸ್ತಕ.

ಅಂದು ಊರಿನಿಂದ ಹುಡುಗರನ್ನು ಎಳೆದು ತಂದದ್ದು ಮುಖ್ಯವಾಗಿ ಎರಡು ಹೊತ್ತಿನ ಊಟ. ಇಂದು ಆ ಊಟ ಶಾಲೆಯಲ್ಲಿಯೇ ಇದೆ. ತಮಿಳುನಾಡಿನಲ್ಲಿ ಕಾಮರಾಜರು 1956ರಲ್ಲಿ ಆರಂಭಿಸಿದ ಶಾಲಾ ಊಟ 1982ರಲ್ಲಿ ಎಂ.ಜಿ.ಆರ್. ಕಾಲದಲ್ಲಿ ವಿಸ್ತಾರವಾಯಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅದು ಅಕ್ಷರ ದಾಸೋಹವಾಯಿತು. ಈಗ ಎಂಟನೇ ತರಗತಿಯವರೆಗೂ ಊಟವಿದೆ. ಮಗುವನ್ನು ಬಾಣಸಿಗನ ಬಳಿ ಕಳುಹಿಸಲು ಹಸಿವೆಂಬ ನೆಪವೂ ಉಳಿದಿಲ್ಲ.

ಕಾನೂನು ಏನು ಹೇಳುತ್ತದೆ?

ಬಾಲಕಾರ್ಮಿಕ ಕಾಯ್ದೆ 1986ರದ್ದು. ಮೊದಲು ಅದರ ನಿಷೇಧ ಕೆಲವು ಅಪಾಯಕಾರಿ ಕೆಲಸಗಳಿಗೆ ಮಾತ್ರ ಇತ್ತು. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಚಹಾದಂಗಡಿ ಮತ್ತು ಮನೆಗೆಲಸಗಳೂ ನಿಷೇಧದ ಪಟ್ಟಿಗೆ ಸೇರಿದವು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವ ಉದ್ಯೋಗದಲ್ಲೂ ಇಟ್ಟುಕೊಳ್ಳುವಂತಿಲ್ಲ. ಸದಸ್ಯರು ಈ ಅಂಶಗಳನ್ನು ಗಮನಿಸಬೇಕು:

1. ಶಿಕ್ಷೆ: 6 ತಿಂಗಳಿಂದ 2 ವರ್ಷದವರೆಗೆ ಸೆರೆ, ಅಥವಾ 20,000ದಿಂದ 50,000 ರೂ. ದಂಡ, ಅಥವಾ ಎರಡೂ. ಮತ್ತೆ ಅದೇ ತಪ್ಪು ಮಾಡಿದರೆ 1ರಿಂದ 3 ವರ್ಷ ಸೆರೆ. ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದು.

2. 'ಹುಡುಗರನ್ನು ತಂದದ್ದು ಕಂಟ್ರಾಕ್ಟರ್, ನಾವಲ್ಲ' ಎಂಬ ಸಬೂಬು ನಡೆಯದು. ಕೆಲಸಕ್ಕೆ ಇಟ್ಟುಕೊಂಡವರಷ್ಟೇ ಅಲ್ಲ, ಕೆಲಸ ಮಾಡಲು ಬಿಟ್ಟವರೂ ಹೊಣೆ.

3. 14ರಿಂದ 18ರವರಿಗೆ ನಮ್ಮ ಕೆಲಸ ಪೂರ್ತಿ ನಿಷೇಧವಲ್ಲ. ಆದರೆ ವಿಶ್ರಾಂತಿ ಸೇರಿ ದಿನಕ್ಕೆ 6 ಗಂಟೆ ಮೀರಬಾರದು, 3 ಗಂಟೆಗೊಮ್ಮೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ, ರಿಜಿಸ್ಟರ್ ಕಡ್ಡಾಯ. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸ ಕೂಡದು. ಅಂದರೆ ಆರತಕ್ಷತೆಯ ರಾತ್ರಿ ಊಟಕ್ಕೆ ಇವರು ಸಲ್ಲರು.

4. ಸ್ವಂತ ಮನೆಯವರ ಉದ್ಯಮದಲ್ಲಿ ಶಾಲೆಯ ನಂತರ ಮಕ್ಕಳು ನೆರವಾಗಬಹುದು. ಆದರೆ 'ಅಕ್ಕನ ಮಗ' ಎಂಬ ಹೆಸರಿನಲ್ಲಿ ದೊಡ್ಡವರು ಮಾಡುವ ಕೆಲಸ ಮಾಡಿಸುವಂತಿಲ್ಲ, ರಾತ್ರಿ 7ರ ನಂತರ ಮಾಡಿಸುವಂತಿಲ್ಲ, ಓದಿಗೆ ಅಡ್ಡಿಯಾಗುವಂತಿಲ್ಲ.

5. ಮಕ್ಕಳನ್ನು ಭಿಕ್ಷೆಗೆ ಬಳಸುವವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ 5 ವರ್ಷದವರೆಗೆ ಸೆರೆ ಮತ್ತು 1 ಲಕ್ಷ ರೂ. ದಂಡವಿದೆ. ಭಿಕ್ಷೆ ಬೇಡುವ ಮಗು ಅಪರಾಧಿಯಲ್ಲ. ಕಾನೂನಿನ ಕಣ್ಣಲ್ಲಿ ಅದು ರಕ್ಷಣೆ ಬೇಕಾದ ಮಗು.

ವಯಸ್ಸಿನ ದಾಖಲೆಯ ಬಗ್ಗೆಯೂ ಎಚ್ಚರವಿರಲಿ. ನಮ್ಮಲ್ಲಿ ಅನೇಕರು ಆಧಾರ್ ಪ್ರತಿ ಇಟ್ಟುಕೊಂಡು ನಿಶ್ಚಿಂತರಾಗಿದ್ದಾರೆ. ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಶಾಲಾ ಪ್ರಮಾಣಪತ್ರ ಅಥವಾ ನಗರಪಾಲಿಕೆ, ಪಂಚಾಯತಿಯ ಜನನ ಪತ್ರ ಕೇಳುವುದು ಒಳ್ಳೆಯದು.

ಲೆಕ್ಕ ಹಾಕಿ ನೋಡೋಣ

ಖರ್ಚು ಹೆಚ್ಚುತ್ತದೆ ಎಂಬ ಅಳುಕು ಸಹಜ. ಐನೂರು ಎಲೆಯ ಊಟಕ್ಕೆ ನಾಲ್ವರು ಮಕ್ಕಳ ಬದಲು ನಾಲ್ವರು ದೊಡ್ಡವರನ್ನು ಹಾಕಿದರೆ ತಲೆಗೆ 400 ರೂ. ಹೆಚ್ಚು ಬೀಳುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 1,600 ರೂ., ಎಲೆಗೆ 3 ರೂ. 20 ಪೈಸೆ. ಒಂದು ಹೋಳಿಗೆಯ ಬೆಲೆಯೂ ಅಲ್ಲ. ಗಿರಾಕಿಗೆ ಕಾರಣ ಹೇಳಿದರೆ ಬೇಡ ಎನ್ನುವವರು ಕಡಿಮೆ.

ನಾವು ಮಾಡಬಹುದಾದದ್ದು

ಮೊದಲನೆಯದು, ಲೇಬರ್ ಕಂಟ್ರಾಕ್ಟರ್ ಜೊತೆಗಿನ ಕರಾರಿನಲ್ಲಿ '18 ವರ್ಷದೊಳಗಿನವರು ಬೇಡ' ಎಂದು ಬರೆಸಿ, ಅಡುಗೆ ಆರಂಭಕ್ಕೆ ಮುನ್ನ ಮೇಸ್ತ್ರಿಯೇ ಹಾಜರಿ ನೋಡಲಿ. ಎರಡನೆಯದು, ಹಿತ್ತಲ ಬಾಗಿಲಿಗೆ ಬಂದ ಮಗುವಿಗೆ ಕೂರಿಸಿ ಬಡಿಸಿ, ಆದರೆ ಒಂದು ಲೋಟವನ್ನೂ ಎತ್ತಿಸಬೇಡಿ, ಕೈಗೆ ಕಾಸು ಕೊಡಬೇಡಿ. ಮೂರನೆಯದು, ದುಡಿಯುವ ಅಥವಾ ಬೇಡುವ ಮಗು ಕಂಡರೆ 1098ಕ್ಕೆ ಫೋನ್ ಮಾಡಿ.

ನಾಲ್ಕನೆಯದು ಬಹಳ ಮುಖ್ಯ. ಮಗುವನ್ನು ಕೆಲಸದಿಂದ ಓಡಿಸಿದರೆ ಅದು ಮುಂದಿನ ಬೀದಿಯ ಇನ್ನೊಬ್ಬರ ಅಡುಗೆಮನೆ ಸೇರುತ್ತದೆ. ಅದನ್ನು ಶಾಲೆಗೆ ಸೇರಿಸಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14ರ ಮಗುವಿಗೆ ಜನನ ಪತ್ರವಿಲ್ಲ, ವರ್ಷದ ನಡುವೆ ಬಂದಿದೆ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತಿದೆ. ಊರಿನಿಂದ ಬಂದ ಕೂಲಿಯವರಿಗೆ ಇದು ತಿಳಿದಿರುವುದಿಲ್ಲ. ಅವರ ಭಾಷೆ ಬಲ್ಲ ನಾವು ಹೇಳಬಹುದು, ಜೊತೆಗೆ ಹೋಗಿ ಹೆಸರು ಬರೆಸಬಹುದು. ಹದಿನಾಲ್ಕು ದಾಟಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಕಟ್ಟುವ ದಾರಿ ಇದೆ. ಸಾಧ್ಯವಾದರೆ ಆ ಮಗುವಿನ ತಂದೆಗೋ ತಾಯಿಗೋ ಕೆಲಸ ಕೊಡಿ. ಮಗು ತರುತ್ತಿದ್ದ ನೂರು ರೂಪಾಯಿಯ ಜಾಗವನ್ನು ಅದು ತುಂಬುತ್ತದೆ.

ಆ ಕಲಬುರಗಿಯ ಹುಡುಗನ ತಾಯಿಗೆ ನಾವು ತರಕಾರಿ ಹೆಚ್ಚುವ ಕೆಲಸ ಕೊಟ್ಟು, ಇಬ್ಬರನ್ನೂ ಜೂನ್‌ನಲ್ಲಿ ಶಾಲೆಗೆ ಮತ್ತೆ ಸೇರಿಸಿದೆವು. ಚಿಕ್ಕವನು ಉಳಿದ. ದೊಡ್ಡವನು ದೀಪಾವಳಿಯ ಹೊತ್ತಿಗೆ ಮತ್ತೆ ಬಿಟ್ಟ, ಆಮೇಲೆ ನಮ್ಮ ಕೈಗೆ ಸಿಗಲಿಲ್ಲ. ಕಳೆದುಕೊಂಡ ಒಂದು ಸೀಸನ್ ನಮಗೆ ಒಂದಿಷ್ಟು ಲಾಭದ ಲೆಕ್ಕ, ಅವನಿಗೆ ಇಡೀ ಓದು.

ಸದಸ್ಯ ಬಂಧುಗಳೇ, ಅನ್ನದಾನ ನಮ್ಮ ಕಸುಬಿನ ಪುಣ್ಯ ಎಂದು ನಾವು ಹೇಳಿಕೊಳ್ಳುತ್ತೇವೆ. ಈ ಸೀಸನ್‌ನಲ್ಲಿ ಎಲೆ ಹಾಕುವ ಮೊದಲು ಒಮ್ಮೆ ಹಿತ್ತಲಿಗೆ ಹೋಗಿ, ಪಾತ್ರೆ ತೊಳೆಯುತ್ತಿರುವವರ ಮುಖ ನೋಡಿ ಬನ್ನಿ. ನಮ್ಮ ಕೋರಿಕೆ ಇಷ್ಟೇ.