ಹಸಿರು ದೀಪ ಹೇಳುವುದೇನು?

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಬೀದಿಯಲ್ಲಿ ವಿದ್ಯುತ್ತು ಹೋಯಿತು. ಕತ್ತಲಲ್ಲಿ ತಡಕಾಡಿ ಟಾರ್ಚನ್ನು ಹುಡುಕಿ ಗುಂಡಿ ಒತ್ತಿದರೆ, ಅದು ಒಮ್ಮೆ ಮಿಣುಕಿ ಆರಿಹೋಯಿತು. ಅದರ ಸೆಲ್ಲನ್ನು ಅದೇ ದಿನ ಬೆಳಿಗ್ಗೆ ಚಾರ್ಜರಿನಲ್ಲಿಟ್ಟಿದ್ದೆ. ಹಸಿರು ದೀಪ ಕಂಡಿತು, ತುಂಬಿತೆಂದು ತೆಗೆದಿದ್ದೆ. ಹಾಗಾದರೆ ಸುಳ್ಳು ಹೇಳಿದವರಾರು? ಸೆಲ್ಲೇ, ಚಾರ್ಜರೇ, ಅಥವಾ ದೀಪದ ಮಾತನ್ನು ತಪ್ಪಾಗಿ ತಿಳಿದುಕೊಂಡ ನಾನೇ?

ನಾನು ಹೇಳುತ್ತಿರುವುದು ಗೋಡೆ ಗಡಿಯಾರಕ್ಕೆ ಹಾಕಿ, ಮುಗಿದ ಮೇಲೆ ಎಸೆದುಬಿಡುವ ಸೆಲ್ಲಿನ ವಿಷಯವಲ್ಲ. ಮತ್ತೆ ಮತ್ತೆ ತುಂಬಿಸಬಹುದಾದ ಲಿಥಿಯಂ-ಅಯಾನ್ ಸೆಲ್ಲಿನ ವಿಷಯ. ಹೆಬ್ಬೆರಳಿಗಿಂತ ತುಸು ಉದ್ದನೆಯ ಈ ಉರುಳೆಯ ಮೈಮೇಲೆ 18650 ಎಂಬ ಸಂಖ್ಯೆ ಇರುತ್ತದೆ. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಕೊನೆಯ ಸೊನ್ನೆ ಉರುಳೆಯ ಆಕಾರಕ್ಕೆ ಗುರುತು. ಲಿಥಿಯಂ-ಅಯಾನ್ ಸೆಲ್ಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಇದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಹೊರದೇಶಗಳಲ್ಲಿ ಎಲೆಕ್ಟ್ರಾನಿಕ್ ಸಿಗರೇಟಿನ ಹಬೆ ಎಬ್ಬಿಸುವುದಕ್ಕೂ ಇದೇ ಸೆಲ್ಲು ಬಳಕೆಯಲ್ಲಿದೆ. ನಮ್ಮ ದೇಶದಲ್ಲಿ ಆ ಸಾಧನದ ತಯಾರಿಕೆ, ಆಮದು, ಮಾರಾಟಗಳನ್ನು 2019ರ ಕಾನೂನು ನಿಷೇಧಿಸಿದೆ. ಆದರೆ ಟಾರ್ಚಿನ ಮೂಲಕ ಸೆಲ್ಲು ನಮ್ಮ ಮನೆಗಳನ್ನೂ ಹೊಕ್ಕಿದೆ. ಚಾರ್ಜರಿನ ತೊಂದರೆಗಳು ಎಲ್ಲ ಕಡೆಯೂ ಒಂದೇ.

ಈ ಸೆಲ್ಲಿನೊಳಗೆ ಲಿಥಿಯಂ ಕಣಗಳು ಒಂದು ಪದರದಿಂದ ಇನ್ನೊಂದಕ್ಕೆ ಹೋಗಿಬಂದು ಮಾಡುತ್ತಿರುತ್ತವೆ. ಪದರಗಳ ನಡುವೆ ಇರುವ ದ್ರವ ನೀರಲ್ಲ, ಸುಲಭವಾಗಿ ಹೊತ್ತಿಕೊಳ್ಳುವಂಥದು. ಆದ್ದರಿಂದ ಇದಕ್ಕೆ ಎರಡು ಕಟ್ಟುಪಾಡುಗಳುಂಟು. ಸಾಮಾನ್ಯ ಬಗೆಯ ಸೆಲ್ಲನ್ನು 4.2 ವೋಲ್ಟಿಗಿಂತ ಮೇಲೆ ತುಂಬಿಸಬಾರದು, ಸುಮಾರು 2.5 ವೋಲ್ಟಿಗಿಂತ ಕೆಳಗೆ ಬರಿದು ಮಾಡಬಾರದು.

ಈ ಕಟ್ಟುಪಾಡನ್ನು ಕಾಯುವುದೇ ಚಾರ್ಜರಿನ ಕೆಲಸ. ನಲ್ಲಿಯ ಕೆಳಗೆ ಕೊಡವಿಟ್ಟವರು ಮೊದಲು ಜೋರಾಗಿ ನೀರು ಬಿಟ್ಟು, ಕಂಠಕ್ಕೆ ಬಂದಾಗ ತಿರುಪನ್ನು ಸಣ್ಣಗೆ ಮಾಡುವುದಿಲ್ಲವೆ? ಚಾರ್ಜರೂ ಹಾಗೆಯೇ. ಮೊದಲು ಒಂದೇ ಪ್ರಮಾಣದ ಪ್ರವಾಹವನ್ನು ಹರಿಸುತ್ತದೆ. 4.2 ವೋಲ್ಟ್ ಮುಟ್ಟಿದೊಡನೆ ವೋಲ್ಟೇಜನ್ನು ಅಲ್ಲೇ ನಿಲ್ಲಿಸುತ್ತದೆ. ಪ್ರವಾಹ ಬರಬರುತ್ತಾ ಇಳಿಯುತ್ತದೆ. ಅದು ತೀರ ಸಣ್ಣದಾದಾಗ ಕೆಂಪು ಆರಿ ಹಸಿರು ಹತ್ತುತ್ತದೆ.

ನನ್ನ ತಪ್ಪಿನ ಗುಟ್ಟು ಇಲ್ಲಿಯೇ ಇತ್ತು. ಅಗ್ಗದ ಚಾರ್ಜರುಗಳಲ್ಲಿ ಹಸಿರು ದೀಪದ ಅರ್ಥ ‘ತುಂಬಿತು’ ಎಂದಲ್ಲ, ‘ಪ್ರವಾಹ ಹರಿಯುತ್ತಿಲ್ಲ’ ಎಂದಷ್ಟೆ. ಏಕೆ ಹರಿಯುತ್ತಿಲ್ಲ ಎಂಬುದನ್ನು ಅದು ಹೇಳಲಾರದು. ಸೆಲ್ಲೇ ಇಲ್ಲದ ಬರಿಯ ಗೂಡಿನಲ್ಲಿಯೂ ಹಸಿರು ಉರಿಯುವುದುಂಟು. ಬರಿದಾದ ಸೆಲ್ಲನ್ನು ಇಟ್ಟ ಕೂಡಲೇ ಹಸಿರು ಕಂಡರೆ ಸಂತೋಷಪಡಬಾರದು, ಸಂಶಯಪಡಬೇಕು.

ಸಂಶಯ ಬಂದಾಗ ಹೊರಗಿನಿಂದ ಒಳಕ್ಕೆ ಹುಡುಕುತ್ತ ಬರುವುದು ಲೇಸು. ಮೊದಲು ಗೋಡೆಯ ಸಾಕೆಟ್ಟು: ಕೆಲಸ ಮಾಡುವುದೆಂದು ಗೊತ್ತಿರುವ ಬೇರೊಂದು ಉಪಕರಣವನ್ನು ಅಲ್ಲಿ ಹಾಕಿ ನೋಡಬೇಕು. ಅನಂತರ ತಂತಿ, ಹೊರಗೆ ಸರಿಯಾಗಿ ಕಂಡರೂ ಒಳಗೆ ತುಂಡಾಗಿರಬಹುದು, ಬದಲಾಯಿಸಿ ನೋಡಬೇಕು. ಮೊಬೈಲಿನ ಅಡಾಪ್ಟರಿನಿಂದ ನಡೆಯುವ ಚಾರ್ಜರಾದರೆ ಅಡಾಪ್ಟರಿನ ಶಕ್ತಿಯನ್ನೂ ಗಮನಿಸಬೇಕು. ಅರ್ಧ ಆಂಪಿಯರ್ ಕೊಡುವಂಥದು ಒಂದೊಂದು ಆಂಪಿಯರ್ ಬೇಡುವ ಎರಡು ಸೆಲ್ಲುಗಳನ್ನು ಸಾಕಲಾರದು. ಆಮೇಲೆ ಗೂಡು. ಸೆಲ್ಲನ್ನು ತಿರುಗುಮುರುಗಾಗಿ ಇಟ್ಟಿಲ್ಲವಷ್ಟೆ? ಎರಡು ತುದಿಗಳೂ ಲೋಹಕ್ಕೆ ತಾಗುತ್ತಿವೆಯೆ?

ನನ್ನ ತೊಂದರೆ ಸಿಕ್ಕಿದ್ದು ಅಲ್ಲಿಯೇ. ಮಳೆಗಾಲದ ತೇವಕ್ಕೆ ಗೂಡಿನ ಲೋಹದ ಪಟ್ಟಿ ಕಂದಿ ಕಪ್ಪಾಗಿತ್ತು. ಚಾರ್ಜರನ್ನು ಸಾಕೆಟ್ಟಿನಿಂದ ಕಿತ್ತು, ಹತ್ತಿಗೆ ತುಸು ಸ್ಪಿರಿಟ್ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸಿ ಸೆಲ್ಲನ್ನಿಟ್ಟೆ. ಕೆಂಪು ದೀಪ ಹತ್ತಿತು. ಕೆಂಪನ್ನು ಕಂಡು ಅಷ್ಟು ಹಿಗ್ಗಿದ್ದು ನನ್ನ ಬಾಳಿನಲ್ಲಿ ಅದೇ ಮೊದಲು!

ಆ ಉತ್ಸಾಹದಲ್ಲಿ, ವರ್ಷಗಳಿಂದ ಮೇಜಿನ ಖಾನೆಯಲ್ಲಿ ಬಿದ್ದಿದ್ದ ಇನ್ನೊಂದು ಸೆಲ್ಲನ್ನೂ ಇಟ್ಟುನೋಡಿದೆ. ಅದಕ್ಕೆ ಮಾತ್ರ ಕೆಂಪು ಬರಲಿಲ್ಲ. ದೋಷ ಗೂಡಿನದೋ ಸೆಲ್ಲಿನದೋ ತಿಳಿಯಲು ಒಂದು ಸುಲಭ ಉಪಾಯವಿದೆ: ಅದೇ ಗೂಡಿಗೆ ಒಳ್ಳೆಯ ಸೆಲ್ಲು, ಇನ್ನೊಂದು ಗೂಡಿಗೆ ಈ ಸೆಲ್ಲು. ಯಾವ ಗೂಡಿಗೆ ಹೋದರೂ ತೊಂದರೆ ಸೆಲ್ಲಿನ ಬೆನ್ನುಹತ್ತಿಯೇ ಹೋಯಿತು. ಮೀಟರು ಹಿಡಿದರೆ 1 ವೋಲ್ಟೂ ಇಲ್ಲ.

ಪಕ್ಕದ ಮನೆಯ ಹುಡುಗ ಜಾಣ. “ತುಂಬಿದ ಸೆಲ್ಲಿನಿಂದ ತಂತಿ ಕೊಟ್ಟು ಒಂದು ಸಲ ಎಬ್ಬಿಸಿಬಿಡೋಣ ಸಾರ್, ಆಮೇಲೆ ಚಾರ್ಜರು ತಾನೇ ಒಪ್ಪಿಕೊಳ್ಳುತ್ತೆ” ಎಂದ. ಅವನು ಹೇಳಿದಂತೆ ಚಾರ್ಜರು ಒಪ್ಪಲೂಬಹುದು, ಅಪಾಯವಿರುವುದೇ ಅಲ್ಲಿ. ತೀರ ಬರಿದಾದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಿರುತ್ತದೆ. ಮತ್ತೆ ತುಂಬಿಸುವಾಗ ಆ ತಾಮ್ರ ಸಲ್ಲದ ಜಾಗದಲ್ಲಿ ಕೂತು, ಎರಡು ಪದರಗಳಿಗೆ ಒಳಗೊಳಗೇ ಸೇತುವೆ ಕಟ್ಟಬಹುದು. ಆಗ ಸೆಲ್ಲು ಕಾಯ್ದು, ಬಿರಿದು, ಹೊತ್ತಿಕೊಳ್ಳಬಹುದು. ಚಾರ್ಜರು ಬೇಡವೆಂದದ್ದು ಕೆಟ್ಟಿದ್ದರಿಂದಲ್ಲ, ಕೆಟ್ಟದ್ದನ್ನು ಕಂಡಿದ್ದರಿಂದ. ನಾವು ತಂತಿಯನ್ನು ಕೆಳಗಿಟ್ಟೆವು.

ಇನ್ನು ಕೆಲವು ಎಚ್ಚರಿಕೆಗಳು. ಈ ಸೆಲ್ಲಿನ ಇಡೀ ಮೈಯೇ ಋಣಧ್ರುವ. ಧನಧ್ರುವವು ನೆತ್ತಿಯ ಮೇಲೆ ಮಾತ್ರ. ಮೈಮೇಲಿನ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಹರಿದ ಸೆಲ್ಲನ್ನು ಬಳಸಬಾರದು. ಬಿಡಿ ಸೆಲ್ಲನ್ನು ಚಿಲ್ಲರೆಯೊಡನೆ, ಬೀಗದ ಕೈಯೊಡನೆ ಜೇಬಿಗೆ ಹಾಕಿಕೊಂಡು ತೊಡೆ ಸುಟ್ಟುಕೊಂಡವರು ಎಲೆಕ್ಟ್ರಾನಿಕ್ ಸಿಗರೇಟಿನ ನಾಡುಗಳಲ್ಲಿದ್ದಾರೆ. ತುಂಬುವಾಗ ಸೆಲ್ಲು ತುಸು ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲಾರದಷ್ಟು ಕಾಯ್ದರೆ ಕೂಡಲೇ ಸಾಕೆಟ್ಟಿನ ಸ್ವಿಚ್ಚನ್ನು ಆರಿಸಬೇಕು. ಚಾರ್ಜರನ್ನು ಹಾಸಿಗೆಯ ಮೇಲಲ್ಲ, ಕಲ್ಲಿನ ನೆಲದ ಮೇಲೆ, ಮನೆಯವರು ಎಚ್ಚರವಿರುವ ಹೊತ್ತಿನಲ್ಲಿ ಇಡುವುದು ಕ್ಷೇಮ. ಅದರ ಪೆಟ್ಟಿಗೆಯನ್ನು ಬಿಚ್ಚುವ ಸಾಹಸವಂತೂ ಬೇಡ. 230 ವೋಲ್ಟಿನ ಸಾಕೆಟ್ಟಿಗೆ ನೇರವಾಗಿ ಹಾಕುವ ಚಾರ್ಜರಿನೊಳಗೆ, ಕಿತ್ತ ಮೇಲೂ ಕೆಲಕಾಲ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಉಳಿದಿರಬಹುದು.

ಆ ಹಳೆಯ ಸೆಲ್ಲಿನ ಎರಡು ತುದಿಗಳಿಗೂ ಅಂಟುಪಟ್ಟಿ ಸುತ್ತಿ, ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವವರಿಗೆ ಒಪ್ಪಿಸಿದೆ. ಮನೆಯ ಕಸದೊಡನೆ ಸೇರಿಸಿದ್ದರೆ ಲಾರಿಯಲ್ಲಿ ಅದು ಜಜ್ಜಿಹೋಗಿ ಬೆಂಕಿಯಾಗಬಹುದಿತ್ತು. ಸುಡುವುದು ಯಾರದೋ ಕೈ.

ಮತ್ತೊಂದು ರಾತ್ರಿ ವಿದ್ಯುತ್ತು ಹೋದಾಗ ಟಾರ್ಚು ಚೆನ್ನಾಗಿ ಬೆಳಗಿತು. ಈಗಲೂ ಚಾರ್ಜರಿನ ಹಸಿರು ದೀಪವನ್ನು ನೋಡುತ್ತೇನೆ. ಆದರೆ ಅದು ಹತ್ತುವ ಮೊದಲು ಕೆಂಪು ದೀಪ ಎಷ್ಟು ಹೊತ್ತು ಉರಿಯಿತೆಂಬುದನ್ನೂ ನೋಡಿರುತ್ತೇನೆ.